ವಸಾಹತಿನ ರನ್‌ವೇ, ಆಳುವವರ ಸಹಿ: ಲ್ಯಾಂಡಿಂಗ್ ಹಕ್ಕಿನ ವಿವಾದವನ್ನು ಬಿಡಿಸಿ ನೋಡುವ ಬಗೆ

1980ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಲಂಡನ್–ಹಾಂಗ್‌ಕಾಂಗ್ ಮಾರ್ಗಕ್ಕಾಗಿ ಬಂದಿದ್ದ ಮೂರು ಅರ್ಜಿಗಳನ್ನು ತೀರ್ಮಾನಿಸಿತು. ಬ್ರಿಟಿಷ್ ಕ್ಯಾಲಡೋನಿಯನ್ ಕಂಪನಿಗೆ ಪರವಾನಗಿ ಸಿಕ್ಕಿತು. ಲೇಕರ್ ಏರ್‌ವೇಸ್‌ಗೂ, ಆಗ ಬ್ರಿಟನ್ನಿನ ವಸಾಹತಾಗಿದ್ದ ಹಾಂಗ್‌ಕಾಂಗ್‌ನಲ್ಲೇ ಹುಟ್ಟಿ ಬೆಳೆದ ಕ್ಯಾಥೆ ಪೆಸಿಫಿಕ್‌ಗೂ ಸಿಗಲಿಲ್ಲ. ಅಷ್ಟರಲ್ಲಿ ಹಾಂಗ್‌ಕಾಂಗ್‌ನ ಪರವಾನಗಿ ಪ್ರಾಧಿಕಾರವು ಕ್ಯಾಥೆಗೆ ತನ್ನ ಕಡೆಯ ಒಪ್ಪಿಗೆಯನ್ನು ಕೊಟ್ಟಾಗಿತ್ತು. ಅಂದರೆ ವಸಾಹತಿನ ವಿಮಾನವು ತನ್ನ ನೆಲದಿಂದ ಏಳಬಹುದಾಗಿತ್ತು, ಆದರೆ ತನ್ನನ್ನು ಆಳುವ ದೇಶದ ರಾಜಧಾನಿಯಲ್ಲಿ ಇಳಿಯುವಂತಿರಲಿಲ್ಲ.

ಇಂಥ ವಿವಾದಗಳನ್ನು ಓದುವವರು ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಕೆಲವರು ಅದನ್ನು ಎರಡು ಕಂಪನಿಗಳ ವ್ಯಾಪಾರದ ಪೈಪೋಟಿ ಎಂದು ತಳ್ಳಿಹಾಕುತ್ತಾರೆ. ಉಳಿದವರು ಆಳುವವರ ದಬ್ಬಾಳಿಕೆ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎರಡೂ ಅರ್ಧ ಸತ್ಯಗಳೇ. ಈ ಬಗೆಯ ಯಾವುದೇ ವಿವಾದವನ್ನು ಕುರಿತು ಬರೆಯಬೇಕಾದ ವಿದ್ಯಾರ್ಥಿಯೋ ವರದಿಗಾರನೋ ಕುತೂಹಲಿಯೋ ಅದನ್ನು ಎಲ್ಲಿಂದ ಹಿಡಿದು ಬಿಡಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಹಕ್ಕು ಹುಟ್ಟುವುದು ಯಾರ ನೆಲದಿಂದ, ಅದನ್ನು ಖರ್ಚು ಮಾಡುವ ಅಧಿಕಾರ ಇರುವುದು ಯಾರ ಕೈಯಲ್ಲಿ? ಈ ಎರಡಕ್ಕೂ ಉತ್ತರ ಬೇರೆ ಬೇರೆಯಾಗಿರುವಲ್ಲೇ ಜಗಳ ಹುಟ್ಟುತ್ತದೆ.

ಹಕ್ಕು ಎಂಬ ಒಂದು ಪದವನ್ನು ಒಡೆಯಿರಿ

‘ಲ್ಯಾಂಡಿಂಗ್ ಹಕ್ಕು’ ಎಂದು ಸುದ್ದಿಯಲ್ಲಿ ಬರುವುದು ವಾಸ್ತವದಲ್ಲಿ ಕನಿಷ್ಠ ನಾಲ್ಕು ಪ್ರತ್ಯೇಕ ಅನುಮತಿಗಳ ಗಂಟು. ಎರಡು ಸರ್ಕಾರಗಳು ವಿಮಾನ ಸೇವಾ ಒಪ್ಪಂದದ ಮೂಲಕ ಪರಸ್ಪರ ಕೊಟ್ಟುಕೊಳ್ಳುವ ಸಂಚಾರ ಹಕ್ಕು ಮೊದಲನೆಯದು. ಆ ಹಕ್ಕನ್ನು ಬಳಸುವ ಕಂಪನಿ ಇಂಥದ್ದು ಎಂದು ಸರ್ಕಾರವೊಂದು ಹೆಸರಿಸುವುದು ಎರಡನೆಯದು. ಹೆಸರು ಪಡೆದ ಕಂಪನಿಗೆ ಆಯಾ ನೆಲದ ಕಾನೂನಿನ ಪ್ರಕಾರ ಮಾರ್ಗದ ಪರವಾನಗಿ ಬೇಕು, ಅದು ಮೂರನೆಯದು. ಕೊನೆಗೆ ನಿಲ್ದಾಣದಲ್ಲಿ ಇಂಥ ಹೊತ್ತಿಗೆ ಇಳಿದು ಇಂಥ ಹೊತ್ತಿಗೆ ಏಳುವ ಸ್ಲಾಟ್ ಬೇಕು. ಸ್ವತಂತ್ರ ದೇಶವೊಂದರಲ್ಲಿ ಈ ನಾಲ್ಕೂ ಒಂದೇ ಸರ್ಕಾರದ ಛಾವಣಿಯಡಿ ಇರುತ್ತವೆ, ಹಾಗಾಗಿ ಓದುಗನಿಗೆ ವ್ಯತ್ಯಾಸ ಕಾಣಿಸುವುದೇ ಇಲ್ಲ. ವಸಾಹತಿನಲ್ಲಿ ಮೊದಲ ಎರಡು ಸಾಮಾನ್ಯವಾಗಿ ಆಳುವವರ ಬಳಿ ಇರುತ್ತವೆ, ಮೂರನೆಯದು ಎರಡೂ ಕಡೆ ಹಂಚಿಹೋಗಿರುತ್ತದೆ, ನಾಲ್ಕನೆಯದು ನಿಲ್ದಾಣವನ್ನು ನಡೆಸುವವರ ಕೈಯಲ್ಲಿರುತ್ತದೆ.

ಆದ್ದರಿಂದ ನಿಮ್ಮ ಮೊದಲ ಕೆಲಸವೆಂದರೆ ಒಂದು ಹಾಳೆಯ ಮೇಲೆ ಈ ನಾಲ್ಕನ್ನೂ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರು ಅದನ್ನು ಕೊಡುವ ಸಂಸ್ಥೆಯ ಹೆಸರನ್ನು, ಆ ಸಂಸ್ಥೆಗೆ ಅಧಿಕಾರ ಕೊಟ್ಟ ಕಾನೂನಿನ ಹೆಸರನ್ನು ತುಂಬುವುದು. ಯಾವುದಾದರೂ ಸಾಲು ಖಾಲಿ ಉಳಿದರೆ ಅಲ್ಲಿಯೇ ನಿಲ್ಲಿ. ಖಾಲಿ ಸಾಲನ್ನು ಊಹೆಯಿಂದ ತುಂಬಿ ಮುಂದೆ ಹೋದವರ ಬರಹದಲ್ಲಿ ‘ಸರ್ಕಾರ ಅನುಮತಿ ನಿರಾಕರಿಸಿತು’ ಎಂಬ ವಾಕ್ಯ ಬರುತ್ತದೆ, ಆದರೆ ಯಾವ ಸರ್ಕಾರ ಯಾವ ಅನುಮತಿಯನ್ನು ನಿರಾಕರಿಸಿತು ಎಂಬುದು ಎಲ್ಲಿಯೂ ಬರುವುದಿಲ್ಲ.

ಷಿಕಾಗೊ ಒಪ್ಪಂದದ ಮೂರು ವಿಧಿಗಳು

1944ರ ಡಿಸೆಂಬರ್ 7ರಂದು ಸಹಿಯಾದ ಷಿಕಾಗೊ ಒಪ್ಪಂದವೇ ಇಂದಿಗೂ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನದ ತಳಹದಿ. ಅದರ ಎಲ್ಲ ವಿಧಿಗಳನ್ನು ಓದುವ ಅಗತ್ಯ ನಿಮಗಿಲ್ಲ. 2, 6 ಮತ್ತು 7ನೇ ವಿಧಿಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕು. ಒಂದು ರಾಷ್ಟ್ರದ ಸಾರ್ವಭೌಮತ್ವ, ಅಧಿರಾಜತ್ವ, ರಕ್ಷಣೆ ಅಥವಾ ಆಜ್ಞಾಪಿತ ಆಡಳಿತಕ್ಕೆ ಒಳಪಟ್ಟ ನೆಲವೆಲ್ಲ ಆ ರಾಷ್ಟ್ರದ ಪ್ರದೇಶವೇ ಎಂದು 2ನೇ ವಿಧಿ ಹೇಳುತ್ತದೆ. ವೇಳಾಪಟ್ಟಿಯ ಪ್ರಕಾರ ನಡೆಯುವ ಅಂತಾರಾಷ್ಟ್ರೀಯ ವಿಮಾನ ಸೇವೆಗೆ ಆಯಾ ರಾಷ್ಟ್ರದ ವಿಶೇಷ ಅನುಮತಿ ಬೇಕೆಂಬುದು 6ನೇ ವಿಧಿ. ಒಂದು ರಾಷ್ಟ್ರದ ಪ್ರದೇಶದೊಳಗಿನ ಎರಡು ತಾಣಗಳ ನಡುವೆ ಬಾಡಿಗೆಗೆ ಪ್ರಯಾಣಿಕರನ್ನು, ಅಂಚೆಯನ್ನು, ಸರಕನ್ನು ಸಾಗಿಸುವುದನ್ನು ಆ ರಾಷ್ಟ್ರವು ವಿದೇಶಿ ವಿಮಾನಗಳಿಗೆ ನಿರಾಕರಿಸಬಹುದೆಂಬುದು 7ನೇ ವಿಧಿ. ಇದಕ್ಕೆ ಕ್ಯಾಬೋಟೇಜ್ ಎಂಬ ಹೆಸರಿದೆ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಚಿತ್ರ ಫಲಿತಾಂಶ ಹೊರಡುತ್ತದೆ. ಲಂಡನ್‌ಗೂ ಹಾಂಗ್‌ಕಾಂಗ್‌ಗೂ ನಡುವೆ ಅರ್ಧ ಭೂಮಂಡಲವೇ ಇದ್ದರೂ ಕಾನೂನಿನ ಕಣ್ಣಿಗೆ ಅದು ಒಂದೇ ಪ್ರದೇಶದೊಳಗಿನ ಪ್ರಯಾಣವಾಗಿತ್ತು. ಹಾಗಾಗಿ ಬೇರೆ ದೇಶದ ಕಂಪನಿಗಳನ್ನು ಆ ಮಾರ್ಗದಿಂದ ದೂರವಿಡುವ ಹಕ್ಕು ಬ್ರಿಟನ್ನಿಗಿತ್ತು, ಮತ್ತು ಜಗಳವೆಲ್ಲ ಬ್ರಿಟಿಷ್ ಧ್ವಜದ ಕೆಳಗಿನ ಕಂಪನಿಗಳ ನಡುವೆಯೇ ನಡೆಯಿತು. ಯಾವುದೇ ವಿವಾದವನ್ನು ಕೈಗೆತ್ತಿಕೊಂಡಾಗ ಅದು ವಸಾಹತು ಮತ್ತು ಆಳುವ ದೇಶದ ನಡುವಿನ ಮಾರ್ಗವೋ, ಇಲ್ಲವೇ ವಸಾಹತು ಮತ್ತು ಮೂರನೆಯ ದೇಶವೊಂದರ ನಡುವಿನ ಮಾರ್ಗವೋ ಎಂಬುದನ್ನು ಮೊದಲು ಬೇರ್ಪಡಿಸಿ. ಮೊದಲನೆಯದರಲ್ಲಿ ದೇಶೀಯ ಪರವಾನಗಿ ಕಾನೂನನ್ನು ಹುಡುಕಬೇಕು. ಎರಡನೆಯದರಲ್ಲಿ ಒಪ್ಪಂದದ ಪಠ್ಯವನ್ನು ಹುಡುಕಬೇಕು.

ಇಲ್ಲೊಂದು ಮಾತು: ಪ್ರದೇಶದ ಅಧಿಕೃತ ಹೆಸರನ್ನು ನೋಡಿ ಮೋಸ ಹೋಗಬೇಡಿ. ‘ವಸಾಹತು’ ಎಂಬ ಪದವನ್ನು ಆಳುವ ಸರ್ಕಾರಗಳು ಹಂತಹಂತವಾಗಿ ಕೈಬಿಟ್ಟಿವೆ; ‘ಸಾಗರೋತ್ತರ ಪ್ರದೇಶ’, ‘ಅವಲಂಬಿತ ಪ್ರದೇಶ’ ಎಂಬ ಹೆಸರುಗಳು ಬಂದಿವೆ. ಚೀನಾದ ಒತ್ತಾಯದಂತೆ 1972ರಲ್ಲಿ ವಿಶ್ವಸಂಸ್ಥೆಯು ಹಾಂಗ್‌ಕಾಂಗನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಿಂದಲೇ ತೆಗೆಯಿತು, ಆದರೆ ಅದರಿಂದ ಕ್ಯಾಥೆಯ ವಿಮಾನಕ್ಕೆ ಲಂಡನ್ನಿನ ಬಾಗಿಲು ತೆರೆಯಲಿಲ್ಲ.

ಎರಡು ಬೀಗದ ಮಾರ್ಗ: ಹಾಂಗ್‌ಕಾಂಗ್ ಪ್ರಕರಣವನ್ನು ಹತ್ತಿರದಿಂದ

ಹಾಂಗ್‌ಕಾಂಗ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ವಿಧಾನವನ್ನು ಅದೊಂದರಲ್ಲೇ ಕಲಿಯಬಹುದು. ಮಾರ್ಗದ ಎರಡು ತುದಿಗಳಲ್ಲಿ ಎರಡು ಬೀಗಗಳಿದ್ದವು. ಲಂಡನ್ ತುದಿಯಲ್ಲಿ ನಾಗರಿಕ ವಿಮಾನಯಾನ ಪ್ರಾಧಿಕಾರ; ಹಾಂಗ್‌ಕಾಂಗ್ ತುದಿಯಲ್ಲಿ 1949ರ ನಿಯಮಾವಳಿಯಡಿ ರಚನೆಯಾದ ವಾಯು ಸಾರಿಗೆ ಪರವಾನಗಿ ಪ್ರಾಧಿಕಾರ. ಕಂಪನಿಯೊಂದು ಹಾರಬೇಕಾದರೆ ಎರಡೂ ಬೀಗದ ಕೈಗಳು ಬೇಕು. ಅಲ್ಲಿಯವರೆಗೆ ಬ್ರಿಟಿಷ್ ಏರ್‌ವೇಸ್ ಮಾತ್ರ ಲಂಡನ್ನಿಗೆ ನೇರ ಸೇವೆ ನಡೆಸುತ್ತಿತ್ತು. ಏಕಸ್ವಾಮ್ಯ ಒಡೆಯುವ ಸೂಚನೆ ಸಿಕ್ಕ ಕೂಡಲೇ ಮೂರು ಕಂಪನಿಗಳು ಎರಡೂ ಕಡೆ ಅರ್ಜಿ ಹಾಕಿದವು.

ಲಂಡನ್ನಿನ ತೀರ್ಪು ಹೊರಬಿದ್ದಾಗ ಹಾಂಗ್‌ಕಾಂಗ್‌ನಲ್ಲಿ ಎದ್ದ ಅಸಮಾಧಾನವನ್ನು ಅರ್ಥಮಾಡಿಕೊಳ್ಳಲು ಕ್ಯಾಥೆಯ ಷೇರುಪಟ್ಟಿಯನ್ನು ನೋಡಿದರೆ ಗೊಂದಲವಾಗುತ್ತದೆ, ಏಕೆಂದರೆ ಅದರ ಹಿಂದೆ ಇದ್ದದ್ದೂ ಸ್ವೈರ್ ಎಂಬ ಬ್ರಿಟಿಷ್ ವಾಣಿಜ್ಯ ಮನೆತನವೇ. ಹಾಗಿದ್ದರೂ ಊರಿನವರ ಲೆಕ್ಕದಲ್ಲಿ ಅದು ಹಾಂಗ್‌ಕಾಂಗ್‌ನ ಕಂಪನಿ. ಅದರ ತೆರಿಗೆ, ಉದ್ಯೋಗ, ಹೆಸರು ಎಲ್ಲವೂ ಆ ಊರಿನದು. ಬಂಡವಾಳ ಯಾರದು ಎಂಬುದಕ್ಕಿಂತ ಲಾಭ, ಕೆಲಸ, ತೀರ್ಮಾನ ಯಾವ ಊರಿನಲ್ಲಿ ನಿಲ್ಲುತ್ತವೆ ಎಂಬುದರ ಮೇಲೆ ಜನರ ನಿಷ್ಠೆ ರೂಪುಗೊಳ್ಳುತ್ತದೆ. ಬರೆಯುವಾಗ ‘ಬ್ರಿಟಿಷ್ ಕಂಪನಿ’ ಎಂಬ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದೀರಿ ಎಂಬುದನ್ನು ಪ್ರತಿ ಸಲವೂ ಪರೀಕ್ಷಿಸಿಕೊಳ್ಳಿ. ಒಪ್ಪಂದದ ಅರ್ಥದಲ್ಲಿ ಕ್ಯಾಥೆಯೂ ಬ್ರಿಟಿಷ್, ಬೀದಿಯ ಮಾತಿನಲ್ಲಿ ಅಲ್ಲ.

ಮುಂದಿನ ಹೆಜ್ಜೆ ಮೇಲ್ಮನವಿಯ ದಾರಿಯನ್ನು ಗುರುತಿಸುವುದು. ಬ್ರಿಟನ್ನಿನಲ್ಲಿ ಪ್ರಾಧಿಕಾರದ ತೀರ್ಮಾನದ ವಿರುದ್ಧ ವಾಣಿಜ್ಯ ಸಚಿವರಿಗೆ ಮನವಿ ಸಲ್ಲಿಸಬಹುದಾಗಿತ್ತು. ಆಗ ಆ ಹುದ್ದೆಯಲ್ಲಿದ್ದವರು ಜಾನ್ ನಾಟ್. ಅವರು ಕೆಲವೇ ತಿಂಗಳಲ್ಲಿ ಪ್ರಾಧಿಕಾರದ ತೀರ್ಮಾನವನ್ನು ಬದಿಗಿಟ್ಟು ಮೂರೂ ಕಂಪನಿಗಳಿಗೆ ಬಾಗಿಲು ತೆರೆದರು. 1980ರ ಜುಲೈನಲ್ಲಿ ಕ್ಯಾಥೆಯ 747 ವಿಮಾನವು ಬಹರೇನ್ ಮೂಲಕ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣಕ್ಕೆ ಹಾರಿತು. ಬ್ರಿಟಿಷ್ ಕ್ಯಾಲಡೋನಿಯನ್ ಆಗಸ್ಟ್‌ನಲ್ಲಿ ಸೇವೆ ಆರಂಭಿಸಿತು. ಲೇಕರ್‌ನ ಕಥೆ ಮಾತ್ರ ತಿರುವುಮುರುವಾಯಿತು. ಲಂಡನ್ನಿನ ಒಪ್ಪಿಗೆ ಸಿಕ್ಕರೂ ಹಾಂಗ್‌ಕಾಂಗ್ ಕಡೆಯ ಬೀಗ ತೆರೆಯದೆ ಅದು ಆ ಮಾರ್ಗದಲ್ಲಿ ಹಾರಲೇ ಇಲ್ಲ, ಮತ್ತು 1982ರ ಫೆಬ್ರವರಿಯಲ್ಲಿ ಕಂಪನಿಯೇ ಮುಳುಗಿತು. ವಸಾಹತು ಯಾವಾಗಲೂ ಕೈಕಟ್ಟಿ ಕೂತಿರುತ್ತದೆ ಎಂಬ ಪೂರ್ವಗ್ರಹ ಇರುವವರು ಈ ಒಂದು ವಿವರವನ್ನು ಎರಡು ಸಲ ಓದಬೇಕು. ತನ್ನ ಬೀಗದ ಕೈಯನ್ನು ಕಾನೂನಿನಲ್ಲಿ ಉಳಿಸಿಕೊಂಡ ವಸಾಹತಿಗೆ ಆಳುವವರನ್ನೂ ಕಾಯಿಸುವ ಶಕ್ತಿ ಇರುತ್ತದೆ.

ಈ ಪ್ರಕರಣದಲ್ಲಿ ಗ್ಯಾಟ್‌ವಿಕ್ ಎಂಬ ಹೆಸರನ್ನೂ ಗಮನಿಸಿ. ಬ್ರಿಟಿಷ್ ಏರ್‌ವೇಸ್ ಹಾರುತ್ತಿದ್ದದ್ದು ಹೀಥ್ರೂನಿಂದ. ಮಾರ್ಗದ ಹಕ್ಕನ್ನು ಸಮವಾಗಿ ಕೊಟ್ಟು ನಿಲ್ದಾಣದ ಆಯ್ಕೆಯಲ್ಲಿ ವ್ಯತ್ಯಾಸ ಉಳಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ನಿಮ್ಮ ಹಾಳೆಯ ನಾಲ್ಕನೆಯ ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮಾರ್ಗಪಟ್ಟಿಯನ್ನು ಓದುವುದು ಹೇಗೆ

ಮೂರನೆಯ ದೇಶವು ನಡುವೆ ಬಂದಾಗ ನೀವು ಒಪ್ಪಂದದ ಅನುಬಂಧಕ್ಕೆ ಹೋಗಬೇಕು. ಒಪ್ಪಂದದ ಮುಖ್ಯ ಭಾಗ ಬಹುತೇಕ ಎಲ್ಲೆಡೆಯೂ ಒಂದೇ ಅಚ್ಚಿನದು. ನಿಜವಾದ ಕೊಡು-ಕೊಳ್ಳುವಿಕೆ ಇರುವುದು ಕೊನೆಯ ಮಾರ್ಗಪಟ್ಟಿಯಲ್ಲಿ. ಅದರಲ್ಲಿ ಸಾಮಾನ್ಯವಾಗಿ ಹೊರಡುವ ತಾಣ, ನಡುವಿನ ತಾಣಗಳು, ತಲುಪುವ ತಾಣ, ಅಲ್ಲಿಂದಾಚೆಯ ತಾಣಗಳು ಎಂಬ ಕಲಂಗಳಿರುತ್ತವೆ. ವಸಾಹತಿನ ಹೆಸರು ಯಾವ ಕಲಂನಲ್ಲಿ ಬಂದಿದೆ ಎಂಬುದನ್ನು ಹುಡುಕಿ. ಹೊರಡುವ ತಾಣವಾಗಿ ಬಂದಿದ್ದರೆ ವಸಾಹತಿನ ಕಂಪನಿಗೆ ಏನೋ ಸಿಕ್ಕಿದೆ ಎಂದರ್ಥ. ಎದುರಿನವರ ಪಟ್ಟಿಯಲ್ಲಿ ತಲುಪುವ ತಾಣವಾಗಿ ಮಾತ್ರ ಬಂದಿದ್ದರೆ, ವಸಾಹತಿನ ರನ್‌ವೇಯನ್ನು ಕೊಟ್ಟು ಅದರ ಬೆಲೆಯನ್ನು ಬೇರೆಲ್ಲೋ ಪಡೆಯಲಾಗಿದೆ ಎಂದರ್ಥ.

1946ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕ ಬರ್ಮುಡಾದಲ್ಲಿ ಸಹಿ ಮಾಡಿದ ಒಪ್ಪಂದವು ಮುಂದೆ ನೂರಾರು ದ್ವಿಪಕ್ಷೀಯ ಒಪ್ಪಂದಗಳಿಗೆ ಮಾದರಿಯಾಯಿತು. ಅಮೆರಿಕದ ಕಂಪನಿಗಳಿಗೆ ಸಿಕ್ಕ ಮಾರ್ಗಗಳಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳಂಥ ಬ್ರಿಟಿಷ್ ವಸಾಹತುಗಳ ತಾಣಗಳಿದ್ದವು. ಮಾತುಕತೆ ನಡೆಸಿದ್ದು ಲಂಡನ್ನಿನ ಸರ್ಕಾರ. ಮೇಜಿನ ಮೇಲೆ ಇಟ್ಟದ್ದು ದೂರದ ಬಂದರು ಊರುಗಳ ನೆಲ. ಪ್ರತಿಯಾಗಿ ಬ್ರಿಟಿಷ್ ಕಂಪನಿಗಳಿಗೆ ಸಿಕ್ಕದ್ದು ನ್ಯೂಯಾರ್ಕ್‌ನಂಥ ತಾಣಗಳು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಗಾದೆ ನೆನಪಾದರೆ ತಪ್ಪಿಲ್ಲ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಆಗಷ್ಟೇ ಯುದ್ಧದಿಂದ ಎದ್ದಿದ್ದ ಪುಟ್ಟ ವಸಾಹತೊಂದು ತಾನೇ ಅಮೆರಿಕದ ಎದುರು ಕೂತಿದ್ದರೆ ಎಷ್ಟು ಪಡೆಯುತ್ತಿತ್ತು ಎಂಬುದು ಬೇರೆಯೇ ಪ್ರಶ್ನೆ. ಆಳುವವರ ಭಾರವಾದ ತಕ್ಕಡಿಯಿಂದ ವಸಾಹತಿಗೆ ಲಾಭವಾದ ಸಂದರ್ಭಗಳೂ ಇರುತ್ತವೆ. ಆದ್ದರಿಂದ ಒಂದೇ ಒಪ್ಪಂದವನ್ನು ನೋಡಿ ತೀರ್ಪು ಕೊಡದೆ, ವಸಾಹತು ಕೊಟ್ಟದ್ದೇನು, ಅದೇ ಒಪ್ಪಂದದಲ್ಲಿ ವಸಾಹತಿಗೆ ಬಂದದ್ದೇನು, ಆಳುವ ದೇಶದ ಕಂಪನಿಗಳಿಗೆ ಬಂದದ್ದೇನು ಎಂದು ಮೂರು ಲೆಕ್ಕ ಹಾಕಿ.

ಮಾಲೀಕತ್ವದ ಷರತ್ತು

ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ವಾಕ್ಯವನ್ನು ಎಂದೂ ಬಿಟ್ಟು ಓದಬೇಡಿ: ಹೆಸರಿಸಲಾದ ಕಂಪನಿಯ ಗಣನೀಯ ಮಾಲೀಕತ್ವ ಮತ್ತು ಪರಿಣಾಮಕಾರಿ ನಿಯಂತ್ರಣವು ಹೆಸರಿಸಿದ ದೇಶದ ಅಥವಾ ಅದರ ಪ್ರಜೆಗಳ ಕೈಯಲ್ಲಿರಬೇಕು. ಸ್ವತಂತ್ರ ದೇಶದಲ್ಲಿ ಸಹಜವಾಗಿ ಕಾಣುವ ಈ ಷರತ್ತು ವಸಾಹತಿನಲ್ಲಿ ಯಾರು ವಿಮಾನ ಕಂಪನಿ ಕಟ್ಟಬಹುದು ಎಂಬುದನ್ನೇ ನಿರ್ಧರಿಸುತ್ತದೆ. ಕ್ಯಾಥೆ ಪೆಸಿಫಿಕ್ ಕಂಪನಿಯನ್ನು 1946ರಲ್ಲಿ ಕಟ್ಟಿದವರು ಅಮೆರಿಕದ ರಾಯ್ ಫ್ಯಾರೆಲ್ ಮತ್ತು ಆಸ್ಟ್ರೇಲಿಯಾದ ಸಿಡ್ನಿ ಡಿ ಕ್ಯಾಂಟ್‌ಜೋ. ಅಮೆರಿಕನ್ ಪಾಲುದಾರಿಕೆ ಹಕ್ಕುಗಳಿಗೆ ಅಡ್ಡಿಯಾಗುತ್ತದೆ ಎಂಬ ಸ್ಥಿತಿಯಲ್ಲಿ 1948ರಲ್ಲಿ ಬಟರ್‌ಫೀಲ್ಡ್ ಅಂಡ್ ಸ್ವೈರ್ ಸಂಸ್ಥೆ ಶೇ 45ರಷ್ಟು ಪಾಲನ್ನು ಕೊಂಡು ಮುಂಚೂಣಿಗೆ ಬಂದಿತು. 1985ರಲ್ಲಿ ಹಾಂಗ್‌ಕಾಂಗ್‌ನ ಇನ್ನೊಂದು ವಿಮಾನ ಕಂಪನಿ ಡ್ರ್ಯಾಗನ್‌ಏರ್ ಹುಟ್ಟಿದಾಗಲೂ ಅದರ ಒಡೆತನ ಸಾಕಷ್ಟು ಬ್ರಿಟಿಷ್ ಆಗಿದೆಯೇ ಎಂಬ ಪ್ರಶ್ನೆ ಎದ್ದಿತು. ಹಾಂಗ್‌ಕಾಂಗ್‌ನಲ್ಲಿ ಬದುಕಿ ಅಲ್ಲಿಯೇ ಹಣ ಹೂಡಿದವರು ತಮ್ಮ ಪಾಸ್‌ಪೋರ್ಟಿನ ಬಣ್ಣವನ್ನು ತೋರಿಸಬೇಕಾದ ಪರಿಸ್ಥಿತಿ ಅದು.

ಡ್ರ್ಯಾಗನ್‌ಏರ್ ಪ್ರಕರಣಕ್ಕೆ ಇನ್ನೊಂದು ಮಗ್ಗುಲಿದೆ. ಅದೇ ವರ್ಷ ಹಾಂಗ್‌ಕಾಂಗ್‌ನ ಹಣಕಾಸು ಕಾರ್ಯದರ್ಶಿ ಜಾನ್ ಬ್ರೆಮ್ರಿಜ್ ಒಂದು ಮಾರ್ಗಕ್ಕೆ ಒಂದೇ ಕಂಪನಿ ಎಂಬ ನೀತಿಯನ್ನು ಪ್ರಕಟಿಸಿದರು. ಸರ್ಕಾರಕ್ಕೆ ಬರುವ ಮೊದಲು ಅವರು ಸ್ವೈರ್ ಸಮೂಹದ ಮುಖ್ಯಸ್ಥರಾಗಿದ್ದವರು. 1980ರಲ್ಲಿ ಲಂಡನ್ನಿನ ಏಕಸ್ವಾಮ್ಯದ ವಿರುದ್ಧ ವಸಾಹತು ಹೋರಾಡಿತ್ತು, ಐದೇ ವರ್ಷದಲ್ಲಿ ವಸಾಹತಿನೊಳಗೇ ಹಳೆಯ ಕಂಪನಿಗೆ ಅನುಕೂಲವಾಗುವ ನೀತಿ ಬಂದಿತು. ವಸಾಹತನ್ನು ಒಂದೇ ಧ್ವನಿಯುಳ್ಳ ಪಾತ್ರವೆಂದು ಬರೆಯುವವರಿಗೆ ಇದು ಎಚ್ಚರಿಕೆ. ಗವರ್ನರ್, ಪರವಾನಗಿ ಪ್ರಾಧಿಕಾರ, ದೊಡ್ಡ ವ್ಯಾಪಾರಿ ಮನೆಗಳು, ಹೊಸ ಬಂಡವಾಳಗಾರರು, ಪ್ರಯಾಣಿಕರು ಇವರೆಲ್ಲರ ಹಿತ ಒಂದೇ ದಿಕ್ಕಿಗೆ ಎಳೆಯುವುದು ಅಪರೂಪ.

ವಸಾಹತಿನ ಶಾಸನಸಭೆ ‘ಆಗದು’ ಎಂದಾಗ

ಜಿಬ್ರಾಲ್ಟರ್ ಎಂಬುದು ಸ್ಪೇನಿನ ದಕ್ಷಿಣಕ್ಕೆ ಅಂಟಿಕೊಂಡಿರುವ, ಬ್ರಿಟನ್ನಿನ ಆಳ್ವಿಕೆಯ ಬಂಡೆಯ ಊರು. ಅದರ ರನ್‌ವೇ ಸ್ಪೇನಿಗೂ ಆ ಬಂಡೆಗೂ ನಡುವಿನ ಕಿರಿದಾದ ನೆಲಪಟ್ಟಿಯ ಮೇಲಿದೆ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ತಾನು ಬಿಟ್ಟುಕೊಟ್ಟದ್ದರಲ್ಲಿ ಈ ನೆಲಪಟ್ಟಿ ಸೇರಿಲ್ಲ ಎಂಬುದು ಸ್ಪೇನಿನ ವಾದ. ರನ್‌ವೇ ಬ್ರಿಟನ್ನಿನ ರಕ್ಷಣಾ ಸಚಿವಾಲಯದ ಒಡೆತನದ್ದು. ದಶಕಗಳ ಕಾಲ ಊರಿನ ಮುಖ್ಯ ರಸ್ತೆಯೇ ರನ್‌ವೇಯನ್ನು ಅಡ್ಡಹಾಯುತ್ತಿತ್ತು. ವಿಮಾನ ಬಂದಾಗ ಗೇಟು ಹಾಕಿ ವಾಹನಗಳನ್ನೂ ಪಾದಚಾರಿಗಳನ್ನೂ ನಿಲ್ಲಿಸುತ್ತಿದ್ದರು. 2023ರಲ್ಲಿ ಸುರಂಗ ರಸ್ತೆ ತೆರೆದ ಮೇಲೆ ವಾಹನಗಳ ಮಟ್ಟಿಗೆ ಆ ನೋಟ ಹೆಚ್ಚುಕಡಿಮೆ ಮುಗಿಯಿತು. ಹೀಗೆ ನೆಲ ಒಬ್ಬರ ವಾದಕ್ಕೆ ಒಳಪಟ್ಟದ್ದು, ರನ್‌ವೇ ಇನ್ನೊಬ್ಬರದು, ಅದನ್ನು ದಾಟಿ ಬದುಕುವ ಜನ ಮತ್ತೊಬ್ಬರು.

1987ರ ಡಿಸೆಂಬರ್ 2ರಂದು ಬ್ರಿಟನ್ ಮತ್ತು ಸ್ಪೇನ್ ಈ ನಿಲ್ದಾಣದ ಜಂಟಿ ಬಳಕೆಯ ಬಗ್ಗೆ ಒಪ್ಪಂದಕ್ಕೆ ಬಂದವು. ಗಡಿಯ ಸ್ಪೇನ್ ಬದಿಯಲ್ಲಿ ಇನ್ನೊಂದು ಟರ್ಮಿನಲ್ ಕಟ್ಟಿ, ಸ್ಪೇನಿಗೆ ಹೋಗುವವರು ಜಿಬ್ರಾಲ್ಟರ್‌ನ ತಪಾಸಣೆಯಿಲ್ಲದೆ ನೇರವಾಗಿ ಅಲ್ಲಿಗೆ ಇಳಿದು ಹೋಗುವ ಏರ್ಪಾಡು ಅದರಲ್ಲಿತ್ತು. ಆದರೆ ಒಪ್ಪಂದ ಜಾರಿಗೆ ಬರಬೇಕಾದರೆ ಜಿಬ್ರಾಲ್ಟರ್‌ನ ಶಾಸನಸಭೆ ಕಾನೂನು ಮಾಡಬೇಕಿತ್ತು, ಅದು ಮಾಡಲಿಲ್ಲ. 1988ರಲ್ಲಿ ಅಧಿಕಾರಕ್ಕೆ ಬಂದ ಜೋ ಬೊಸಾನೊ ಒಪ್ಪಂದದ ಕಡು ವಿರೋಧಿಯಾಗಿದ್ದರು. ಯುರೋಪಿನ ವಿಮಾನಯಾನ ಉದಾರೀಕರಣದ ಕ್ರಮಗಳು ಒಪ್ಪಂದ ಜಾರಿಯಾಗುವವರೆಗೆ ಈ ನಿಲ್ದಾಣಕ್ಕೆ ಅನ್ವಯಿಸುವುದಿಲ್ಲ ಎಂಬ ಷರತ್ತನ್ನು ಸೇರಿಸಲಾಯಿತು. ಅಂದರೆ ವಸಾಹತು ತನ್ನ ಬೀಗದ ಕೈಯನ್ನು ಕೊಡಲೊಪ್ಪದಿದ್ದಾಗ ಆಳುವ ದೇಶವೂ ನೆರೆಯ ದೇಶವೂ ಸೇರಿ ಮಾರುಕಟ್ಟೆಯ ಹೊರಬಾಗಿಲನ್ನೇ ಮುಚ್ಚಿದವು.

ಜಿಬ್ರಾಲ್ಟರ್ ಸರ್ಕಾರ 1989ರ ಇಂಥದ್ದೇ ಒಂದು ನಿರ್ದೇಶನದ ವಿರುದ್ಧ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 1993ರ ಜೂನ್ 29ರಂದು ನ್ಯಾಯಾಲಯವು ಅರ್ಜಿಯೇ ಸ್ವೀಕಾರಾರ್ಹವಲ್ಲ ಎಂದಿತು. ಷರತ್ತು ಸರಿಯೋ ತಪ್ಪೋ ಎಂಬುದನ್ನು ಅದು ತೀರ್ಮಾನಿಸಲಿಲ್ಲ. ವಿವಾದದ ಬಗ್ಗೆ ಬರೆಯುವವರು ಇಲ್ಲಿ ಬಹಳ ಎಡವುತ್ತಾರೆ. ‘ನ್ಯಾಯಾಲಯದಲ್ಲಿ ವಸಾಹತು ಸೋತಿತು’ ಎಂಬ ವಾಕ್ಯವನ್ನು ಬರೆಯುವ ಮುನ್ನ, ವಸಾಹತಿಗೆ ಕಟಕಟೆಯಲ್ಲಿ ನಿಂತು ಮಾತಾಡುವ ಅರ್ಹತೆಯೇ ಸಿಗಲಿಲ್ಲವೋ, ಮಾತಾಡಿದ ಮೇಲೆ ಸೋತಿತೋ ಎಂಬುದನ್ನು ನೋಡಿ. ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ವಸಾಹತಿನ ಮುಖ್ಯ ತೊಂದರೆ ಬಹುಪಾಲು ಮೊದಲನೆಯದೇ.

ಬಿಕ್ಕಟ್ಟು ಸಡಿಲವಾದದ್ದು 2006ರ ಸೆಪ್ಟೆಂಬರ್ 18ರ ಕಾರ್ಡೊಬಾ ಒಪ್ಪಂದದಿಂದ. 1987ರಲ್ಲಿ ಇಬ್ಬರಷ್ಟೇ ಕೂತಿದ್ದ ಮೇಜಿನಲ್ಲಿ ಈ ಬಾರಿ ಮೂರನೆಯ ಪಕ್ಷವಾಗಿ ಜಿಬ್ರಾಲ್ಟರ್ ಸರ್ಕಾರವೂ ಕೂತಿತ್ತು. ಅದೇ ವರ್ಷ ಡಿಸೆಂಬರ್ 16ರಂದು ಮ್ಯಾಡ್ರಿಡ್‌ನಿಂದ ಐಬೀರಿಯಾದ ವಿಮಾನ ಅಲ್ಲಿ ಬಂದಿಳಿಯಿತು. ಎರಡು ಒಪ್ಪಂದಗಳನ್ನು ಪಕ್ಕಪಕ್ಕ ಇಟ್ಟು ಓದುವವರು ಸಹಿಗಳ ಜಾಗವನ್ನೇ ಮೊದಲು ನೋಡಬೇಕೆಂದು ನನ್ನ ಸಲಹೆ.

ಮೂವತ್ತು ದಿನದ ಅನುಮತಿ

ಕ್ಯಾಬೋಟೇಜ್ ಎಂಬುದು ಪುಸ್ತಕದ ಮಾತೆನಿಸಿದರೆ ಪೆಸಿಫಿಕ್ ಸಾಗರದಲ್ಲಿರುವ ಅಮೆರಿಕನ್ ಸಮೋವಾವನ್ನು ನೋಡಿ. ಟುಟುಯಿಲಾ ಅದರ ಮುಖ್ಯ ದ್ವೀಪ. ಮಾನುವಾ ದ್ವೀಪಗಳು ಅಲ್ಲಿಂದ ಪೂರ್ವಕ್ಕೆ ಸುಮಾರು 100 ಕಿ.ಮೀ. ದೂರದ ಸಮುದ್ರದಲ್ಲಿವೆ. ಎರಡೂ ಅಮೆರಿಕದ ಪ್ರದೇಶವಾದ್ದರಿಂದ ಅವುಗಳ ನಡುವಿನ ಹಾರಾಟ ಅಮೆರಿಕದ ಕಂಪನಿಗಳಿಗೇ ಮೀಸಲು. ಅಂಥ ಕಂಪನಿ ಸೇವೆ ನಡೆಸದಿದ್ದಾಗ ಪಕ್ಕದ ಸ್ವತಂತ್ರ ಸಮೋವಾ ದೇಶದ ಸಣ್ಣ ವಿಮಾನವನ್ನು ಕರೆಸಬೇಕು. ಅದಕ್ಕೆ ವಾಷಿಂಗ್ಟನ್ನಿನ ಸಾರಿಗೆ ಇಲಾಖೆಯ ವಿನಾಯಿತಿ ಬೇಕು. ತುರ್ತು ಸಂದರ್ಭವೆಂದು ತೋರಿಸಿದರೆ ಮಾತ್ರ ಸಿಗುತ್ತಿದ್ದ ಆ ವಿನಾಯಿತಿಯ ಅವಧಿ 30 ದಿನ. ಮುಗಿದ ಮೇಲೆ ಮತ್ತೆ ಅರ್ಜಿ, ಮತ್ತೆ ಅದೇ ತುರ್ತಿನ ವಿವರಣೆ. ಆಸ್ಪತ್ರೆಗೆ ಹೋಗಬೇಕಾದ ದ್ವೀಪವಾಸಿಯ ಟಿಕೆಟ್ಟಿನ ಹಿಂದೆ ಸಾವಿರಾರು ಕಿ.ಮೀ. ದೂರದ ಕಚೇರಿಯೊಂದರ ಮುದ್ರೆ ಇರಬೇಕಾಗುತ್ತಿತ್ತು. ದೊಡ್ಡ ವಿವಾದಗಳ ಗದ್ದಲದಲ್ಲಿ ಇಂಥ ಸಣ್ಣ ಕಡತಗಳನ್ನು ಬಿಟ್ಟುಬಿಡಬೇಡಿ. ಅಧಿಕಾರ ಯಾರದು ಎಂಬುದು ಅವುಗಳಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಷಿಕಾಗೊಗೂ ಮೊದಲು

ಇದು 1944ರ ನಂತರದ ಕಥೆ ಮಾತ್ರವಲ್ಲ. ಇಂಪೀರಿಯಲ್ ಏರ್‌ವೇಸ್ 1929ರ ಮಾರ್ಚ್‌ನಲ್ಲಿ ಲಂಡನ್–ಕರಾಚಿ ಸೇವೆ ಆರಂಭಿಸಿದಾಗ ಕರಾಚಿಯಿಂದಾಚೆ ಯಾರು ಹಾರಬೇಕು ಎಂಬ ಪ್ರಶ್ನೆ ಎದ್ದಿತು. ಭಾರತದೊಳಗಿನ ಮಾರ್ಗವನ್ನು ಲಂಡನ್ನಿನ ಕಂಪನಿಗೆ ಸುಮ್ಮನೆ ಬಿಟ್ಟುಕೊಡಲು ದೆಹಲಿಯ ಸರ್ಕಾರ ಒಪ್ಪಲಿಲ್ಲ, ಆ ಸರ್ಕಾರವೂ ಬ್ರಿಟಿಷರದೇ ಆಗಿದ್ದರೂ ಕೂಡ. ವರ್ಷದ ಕೊನೆಯಲ್ಲಿ ಕರಾಚಿ–ದೆಹಲಿ ಸೇವೆ ಶುರುವಾದಾಗ ವಿಮಾನ ಇಂಪೀರಿಯಲ್ ಕಂಪನಿಯದಾದರೂ ಅದು ಭಾರತ ಸರ್ಕಾರ ಬಾಡಿಗೆಗೆ ಪಡೆದದ್ದಾಗಿತ್ತು. 1933ರಲ್ಲಿ ಇಂಡಿಯನ್ ಟ್ರಾನ್ಸ್-ಕಾಂಟಿನೆಂಟಲ್ ಏರ್‌ವೇಸ್ ಎಂಬ ಜಂಟಿ ಕಂಪನಿ ಬಂದಿತು. ಇಂಪೀರಿಯಲ್‌ಗೆ ಶೇ 51, ಇಂಡಿಯನ್ ನ್ಯಾಷನಲ್ ಏರ್‌ವೇಸ್‌ಗೆ ಶೇ 25, ಭಾರತ ಸರ್ಕಾರಕ್ಕೆ ಶೇ 24. ಹಕ್ಕಿನ ಜಗಳ ಷೇರಿನ ಲೆಕ್ಕದಲ್ಲಿ ಇತ್ಯರ್ಥವಾಯಿತು, ಆದರೆ ಶೇ 51 ಯಾರ ಬಳಿ ಉಳಿಯಿತು ಎಂಬುದನ್ನು ನೀವೇ ನೋಡಿದಿರಿ.

ದಾಖಲೆಗಳ ಕಡೆಗೆ

ಷಿಕಾಗೊ ಒಪ್ಪಂದದ 83ನೇ ವಿಧಿಯ ಪ್ರಕಾರ ವಿಮಾನ ಸೇವಾ ಒಪ್ಪಂದಗಳನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಲ್ಲಿ ನೋಂದಾಯಿಸಬೇಕು, ಹಾಗಾಗಿ ಪಠ್ಯ ಸಿಗುವುದು ಕಷ್ಟವಲ್ಲ. ಸಿಗದೇ ಇರುವುದು ಒಪ್ಪಂದದ ಜೊತೆಗೆ ವಿನಿಮಯವಾಗುವ ಗೋಪ್ಯ ತಿಳಿವಳಿಕೆ ಪತ್ರಗಳು. ವಾರಕ್ಕೆ ಎಷ್ಟು ವಿಮಾನ, ಎಷ್ಟು ಆಸನ ಎಂಬ ಮಿತಿಗಳು ಹೆಚ್ಚಾಗಿ ಅಡಗಿರುವುದು ಅಲ್ಲಿ. ಅವು ತೆರೆಯದ ಕಾಲದ ವಿವಾದವಾದರೆ ಪರವಾನಗಿ ಪ್ರಾಧಿಕಾರಗಳ ಬಹಿರಂಗ ವಿಚಾರಣೆ ಮತ್ತು ಸಂಸತ್ತಿನ ಪ್ರಶ್ನೋತ್ತರಗಳನ್ನು ಓದಿ. ಕಂಪನಿಗಳು ವಿಚಾರಣೆಯಲ್ಲಿ ಪರಸ್ಪರರ ಬಣ್ಣ ಬಯಲು ಮಾಡುವಾಗ ಸರ್ಕಾರಗಳು ಹೇಳದ ಸಂಗತಿಗಳು ಹೊರಬರುತ್ತವೆ. ಎರಡೂ ಊರಿನ ಪತ್ರಿಕೆಗಳನ್ನು ಒಂದೇ ದಿನಾಂಕಕ್ಕೆ ಹೋಲಿಸುವುದೂ ಒಳ್ಳೆಯ ಅಭ್ಯಾಸ.

ಆಳ್ವಿಕೆ ಬದಲಾಗುವ ಹೊತ್ತಿನ ದಾಖಲೆಗಳನ್ನು ವಿಶೇಷವಾಗಿ ಗಮನಿಸಿ. 1984ರ ಚೀನಾ–ಬ್ರಿಟನ್ ಜಂಟಿ ಘೋಷಣೆಯ ಮೊದಲ ಅನುಬಂಧದಲ್ಲಿ ನಾಗರಿಕ ವಿಮಾನಯಾನಕ್ಕೇ ಒಂದು ಭಾಗ ಮೀಸಲಾಗಿದೆ. ಅಲ್ಲಿ ಪಾಸ್‌ಪೋರ್ಟಿನ ಪ್ರಶ್ನೆಯನ್ನು ಬದಿಗೆ ಸರಿಸಿ, ಹಾಂಗ್‌ಕಾಂಗ್‌ನಲ್ಲಿ ನೋಂದಣಿಯಾಗಿ ಅಲ್ಲಿಯೇ ಮುಖ್ಯ ವ್ಯವಹಾರ ಕೇಂದ್ರವಿರುವ ಕಂಪನಿಗಳು ಎಂಬ ಹೊಸ ಅಳತೆಗೋಲನ್ನು ಇಡಲಾಯಿತು. ಬ್ರಿಟನ್ನಿನ ಒಪ್ಪಂದಗಳಿಂದ ಹಾಂಗ್‌ಕಾಂಗ್‌ನ ಹಕ್ಕುಗಳನ್ನು ಒಂದೊಂದಾಗಿ ಬಿಡಿಸಿ ಪ್ರತ್ಯೇಕ ಒಪ್ಪಂದಗಳನ್ನು ಮಾಡುವ ಕೆಲಸ 1986ರಲ್ಲಿ ನೆದರ್ಲೆಂಡ್ಸ್ ಜೊತೆಗಿನ ಸಹಿಯಿಂದ ಆರಂಭವಾಯಿತು. ಅಮೆರಿಕದ ಜೊತೆಗಿನದು 1997ರ ಏಪ್ರಿಲ್‌ನಲ್ಲಿ ಮುಗಿಯಿತು. ಹಾಂಗ್‌ಕಾಂಗ್ ಚೀನಾಕ್ಕೆ ಹಸ್ತಾಂತರವಾಗಿ ಒಂದು ತಿಂಗಳೂ ಕಳೆಯುವ ಮೊದಲೇ, 1997ರ ಜುಲೈ 25ರಂದು, ಬ್ರಿಟನ್ ಮತ್ತು ಹಾಂಗ್‌ಕಾಂಗ್ ಎರಡು ಬೇರೆ ಪಕ್ಷಗಳಾಗಿ ತಮ್ಮ ನಡುವೆಯೇ ವಿಮಾನ ಸೇವಾ ಒಪ್ಪಂದಕ್ಕೆ ಸಹಿ ಹಾಕಿದವು. ಜೂನ್ 30ರವರೆಗೆ ಒಂದೇ ಪ್ರದೇಶದೊಳಗಿನದೆಂದು ಎಣಿಸಲಾಗಿದ್ದ ಮಾರ್ಗ ಈಗ ಅಂತಾರಾಷ್ಟ್ರೀಯವಾಗಿತ್ತು.

ಹಾಂಗ್‌ಕಾಂಗ್‌ನಿಂದ ಬೀಜಿಂಗ್‌ಗೆ ಹಾರುವ ಮಾರ್ಗಕ್ಕೆ ನಿಮ್ಮ ಹಾಳೆಯ ಅದೇ ನಾಲ್ಕು ಸಾಲುಗಳನ್ನು ಮತ್ತೆ ಹಚ್ಚಿ ನೋಡಿ. ಹಸ್ತಾಂತರದ ನಂತರ ಹಾಂಗ್‌ಕಾಂಗ್‌ಗೆ ಸಂವಿಧಾನದಂತಿರುವ ಮೂಲ ಕಾನೂನಿನ 131ನೇ ವಿಧಿಯ ಪ್ರಕಾರ ಆ ಸೇವೆಗಳ ವ್ಯವಸ್ಥೆ ಮಾಡುವುದು ಹಾಂಗ್‌ಕಾಂಗ್ ಸರ್ಕಾರದೊಡನೆ ಸಮಾಲೋಚಿಸಿ ಚೀನಾದ ಕೇಂದ್ರ ಸರ್ಕಾರ. ಹೊರದೇಶಗಳೊಡನೆ ಹಾಂಗ್‌ಕಾಂಗ್ ಮಾಡಿಕೊಳ್ಳುವ ಒಪ್ಪಂದಗಳಿಗೂ 133ನೇ ವಿಧಿಯು ಕೇಂದ್ರದ ನಿರ್ದಿಷ್ಟ ಅಧಿಕಾರದಾನವನ್ನು ಬೇಡುತ್ತದೆ. ಮೊದಲ ಸಾಲಿನ ಎದುರು ಬರೆಯಬೇಕಾದ ಹೆಸರು ಲಂಡನ್ನಿನಿಂದ ಬೀಜಿಂಗ್‌ಗೆ ಬದಲಾಗಿದೆ.